ಎಂಜಿನ್ ಆಯಿಲ್ ಸೋರಿಕೆ: ಮನೆಯಲ್ಲೇ ದುರಸ್ತಿಯೋ, ಗ್ಯಾರೇಜೋ?

ಎಂಜಿನ್ನಿನಲ್ಲಿ ಕೈಗೆಟುಕುವ ಜಾಗದಿಂದ ಆಯಿಲ್ ಸೋರುತ್ತಿದ್ದರೆ ಅದನ್ನು ಗ್ಯಾರೇಜಿಗೆ ಬಿಡದೆ ಮನೆಯ ಶೆಡ್ಡಿನಲ್ಲೇ ಸರಿಮಾಡಿಕೊಳ್ಳಬೇಕೆಂಬ ಪಕ್ಷದವನು ನಾನು. ನಮ್ಮ ಮನೆಯ ಮಾರುತಿ ಓಮ್ನಿಯ ಒಂದೇ ಸೋರಿಕೆಗೆ ಮೊದಲು ಗ್ಯಾರೇಜಿನಲ್ಲಿಯೂ ಆಮೇಲೆ ಮನೆಯಲ್ಲಿಯೂ ಚಿಕಿತ್ಸೆ ನಡೆದದ್ದರಿಂದ ಎರಡನ್ನೂ ಎದುರುಬದುರು ಇಟ್ಟು ನೋಡುವ ಅವಕಾಶ ತಾನಾಗಿಯೇ ಒದಗಿತು. ದುಡ್ಡು ಉಳಿಯಿತೆಂಬ ಸಮಾಧಾನ ಇದ್ದೇ ಇದೆ. ಆದರೆ ನನ್ನ ಒಲವಿಗೆ ಅದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಈ ಕೆಲಸದಲ್ಲಿ ಬಿಚ್ಚಿ ಜೋಡಿಸುವುದು ಸಣ್ಣ ಪಾಲು, ಎಲ್ಲಿಂದ ಸೋರುತ್ತಿದೆಯೆಂದು ಪತ್ತೆ ಹಚ್ಚುವುದೇ ದೊಡ್ಡ ಪಾಲು. ಆ ಪತ್ತೆಗೆ ಬೇಕಾದ ಪುರುಸೊತ್ತು ಗಾಡಿಯ ಯಜಮಾನನಿಗೆ ಇರುತ್ತದೆ, ಬಾಗಿಲಲ್ಲಿ ಸಾಲುಗಟ್ಟಿ ನಿಂತ ಗಾಡಿಗಳ ನಡುವೆ ದುಡಿಯುವ ಮೆಕ್ಯಾನಿಕ್ಕಿಗೆ ಇರುವುದಿಲ್ಲ.

ಓಮ್ನಿಯ ತಯಾರಿಕೆ 2019ರಲ್ಲಿ ನಿಂತುಹೋದರೂ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಅಡಿಕೆ ಮೂಟೆ, ಹಿಂಡಿ ಚೀಲ, ನೆಂಟರು ಎಲ್ಲವನ್ನೂ ಹೊತ್ತು ತಿರುಗುತ್ತಿದೆ. 796 ಸಿಸಿಯ ಅದರ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲೇ ಇರುವುದರಿಂದ ಸೋರಿಕೆಯ ಸುದ್ದಿ ಕಣ್ಣಿಗಿಂತ ಮೊದಲು ಮೂಗಿಗೆ ಮುಟ್ಟುತ್ತದೆ. ಜಿನುಗಿದ ಆಯಿಲ್ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಸುಟ್ಟಾಗ ಏಳುವ ಕಮಟು ವಾಸನೆ ಸೀಟಿನ ಸಂದಿಯಿಂದ ಒಳಗೆ ಬರುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಕೆಳಗಿನ ಗೇರಿನಲ್ಲಿ ಹತ್ತುವಾಗಲಂತೂ ಮಳೆಯಿದ್ದರೂ ಕಿಟಕಿ ಇಳಿಸದೆ ಕೂರುವುದು ಕಷ್ಟವಾಗಿತ್ತು.

ಗ್ಯಾರೇಜಿನವರು ಗಾಡಿಯ ಅಡಿಗೆ ಟಾರ್ಚ್ ಹಿಡಿದು ಒಂದು ಸಲ ನೋಡಿ, “ಗೌಡ್ರೇ, ಕೆಳಗಿನ ಚೇಂಬರ್ ಪ್ಯಾಕಿಂಗ್ ಹೋಗಿದೆ, ಹೊಸದು ಹಾಕಿದ್ರೆ ಆಯ್ತು” ಎಂದರು. ಚೇಂಬರ್ ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಪ್ಯಾಕಿಂಗ್ ಅಂದರೆ ಜೋಡಣೆಯ ಸಂದಿ ಮುಚ್ಚುವ ಪಟ್ಟಿ. ಆಯಿಲ್ ಇಳಿಸಿ, ಚೇಂಬರ್ ಬಿಚ್ಚಿ, ಹೊಸ ಪ್ಯಾಕಿಂಗ್ ಕೂರಿಸಿ, ಹೊಸ ಆಯಿಲ್ ತುಂಬಿ ಕೊಟ್ಟರು. ಕೆಲಸದಲ್ಲಿ ಕುಂದಿರಲಿಲ್ಲ, ಬೋಲ್ಟುಗಳೆಲ್ಲ ಸಮನಾಗಿ ಕೂತಿದ್ದವು, ಕೂಲಿಯೂ ಅತಿಯಾಗಿರಲಿಲ್ಲ. ಆದರೆ ಹೆಚ್ಚು ದಿನ ಕಳೆಯುವ ಮೊದಲೇ ಅದೇ ವಾಸನೆ ಮರಳಿ ಬಂತು. ಸೋರದ ಜಾಗವನ್ನು ಅಚ್ಚುಕಟ್ಟಾಗಿ ದುರಸ್ತಿ ಮಾಡಿದಂತಾಗಿತ್ತು. ಮತ್ತೆ ಒಯ್ದು ಕೇಳಿದಾಗ, ಹಳೆಯ ಗಾಡಿ ಅಂದ ಮೇಲೆ ಸ್ವಲ್ಪ ಬೆವರುವುದು ಸಹಜವೆಂಬ ಉತ್ತರ ಸಿಕ್ಕಿತು.

ಇಂಥ ತಪ್ಪು ಪತ್ತೆ ಅಪರೂಪವೇನಲ್ಲ, ಮಲೆನಾಡಿನ ಮಳೆಗಾಲದಲ್ಲಂತೂ ಅದು ಇನ್ನಷ್ಟು ಸುಲಭ. ಆಯಿಲ್ ಹೊರಬೀಳುವ ಜಾಗ ಮತ್ತು ಅದು ನೆಲಕ್ಕೆ ತೊಟ್ಟಿಕ್ಕುವ ಜಾಗ ಒಂದೇ ಆಗಿರಬೇಕೆಂದೇನೂ ಇಲ್ಲ. ಎಂಜಿನ್ನಿನ ನೆತ್ತಿಯನ್ನು ಮುಚ್ಚುವ ಟ್ಯಾಪೆಟ್ ಕವರಿನ ಅಂಚಿನಿಂದ ಜಿನುಗಿದ ಆಯಿಲ್ ಬ್ಲಾಕಿನ ಏಣುಗಳನ್ನು ಹಿಡಿದು ಇಳಿಯುತ್ತದೆ, ದಾರಿಯಲ್ಲಿ ಸಿಕ್ಕ ಬೋಲ್ಟಿನ ತಲೆಯನ್ನೆಲ್ಲ ಸುತ್ತುತ್ತದೆ, ಕೊನೆಗೆ ಎಲ್ಲಕ್ಕಿಂತ ಕೆಳಗಿರುವ ಚೇಂಬರಿನ ಅಂಚಿಗೆ ಬಂದು ಅಲ್ಲಿಂದ ಹನಿಯುತ್ತದೆ. ಗಾಡಿ ಓಡುವಾಗ ಅಡಿಯಿಂದ ಬೀಸುವ ಗಾಳಿ ಅದನ್ನು ಹಿಂದಕ್ಕೆ ತಳ್ಳುವುದರಿಂದ ಎಂಜಿನ್ನಿನ ಮುಂಭಾಗದ ಸೋರಿಕೆ ಗೇರ್ ಬಾಕ್ಸಿನ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಹೀಗೆ ಊರಿನ ಸೋರಿಕೆಯ ಅಪವಾದವೆಲ್ಲ ಚೇಂಬರಿನ ಪಾಲಿಗೆ ಬರುತ್ತದೆ. ಇದರ ಮೇಲೆ ಜೂನ್ ತಿಂಗಳಿನಿಂದ ಚಕ್ರ ಎರಚುವ ಕೆಮ್ಮಣ್ಣು ಆ ಜಿಡ್ಡಿಗೆ ಅಂಟಿ ಬೆರಳು ದಪ್ಪದ ಹಕ್ಕಳೆಯಾಗುತ್ತದೆ. ಆ ಹಕ್ಕಳೆ ಆಯಿಲನ್ನು ಹೀರಿಕೊಂಡು ಎಲ್ಲ ಕಡೆಗೂ ಹಬ್ಬಿಸುವುದರಿಂದ ಇಡೀ ಎಂಜಿನ್ನೇ ಸೋರುತ್ತಿರುವಂತೆ ತೋರುತ್ತದೆ. ಒದ್ದೆ ನೆಲದ ಮೇಲೆ ಬಿದ್ದ ಒಂದೇ ಹನಿ ಬಣ್ಣಬಣ್ಣದ ಪೊರೆಯಾಗಿ ಅಂಗಳದ ಉದ್ದಕ್ಕೂ ಹರಡಿದಾಗ ಸೋರಿದ್ದು ಎಷ್ಟೆಂಬ ಅಂದಾಜೂ ಸಿಗುವುದಿಲ್ಲ.

ಆದ್ದರಿಂದ ಮನೆಯಲ್ಲಿ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಮಾಡಿದ್ದು ತೊಳೆಯುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಕ್ಕಳೆಯನ್ನು ಬಿದಿರಿನ ಚಕ್ಕೆಯಿಂದ ಕೆರೆದು ತೆಗೆದು, ಸೀಮೆ ಎಣ್ಣೆಯಲ್ಲಿ ಅದ್ದಿದ ಹಳೆಯ ಬ್ರಶ್ಶಿನಿಂದ ಸಂದುಗೊಂದುಗಳನ್ನು ಉಜ್ಜಿ, ಸೋಪಿನ ನೀರಿನಿಂದ ಒರೆಸಿದೆ. ವಿದ್ಯುತ್ತಿನ ಜೋಡಣೆಗಳಿಗೆ ಮೊದಲೇ ಪ್ಲಾಸ್ಟಿಕ್ ಕವರ್ ಸುತ್ತಿಡಬೇಕು, ಪೆಟ್ರೋಲನ್ನು ಮಾತ್ರ ಈ ಕೆಲಸಕ್ಕೆ ಎಂದಿಗೂ ಬಳಸಬಾರದು. ರಗಳೆ ಶುರುವಾದದ್ದು ಒಣಗಿಸುವಾಗ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಶ್ರಾವಣದಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಎಂಜಿನ್ನಿನ ಸಂದಿಗಳು ಒಣಗುವುದೆಲ್ಲಿಂದ ಬಂತು! ಟೇಬಲ್ ಫ್ಯಾನನ್ನು ಶೆಡ್ಡಿಗೆ ತಂದು ರಾತ್ರಿಯಿಡೀ ತಿರುಗಿಸಬೇಕಾಯಿತು. ಅದಕ್ಕೆ ಮನೆಯಲ್ಲಿ ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿದೆ. ಗಾಡಿಯ ಅಡಿಗೆ ದೊಡ್ಡದೊಂದು ರಟ್ಟು ಹಾಸಿ, ಅದರ ಮೇಲೆ ಚಕ್ರಗಳ ಜಾಗವನ್ನು ಗುರುತು ಮಾಡಿದ್ದರಿಂದ ಹನಿ ಬಿದ್ದ ಕಲೆಯ ನೇರಕ್ಕೆ ಮೇಲೆ ಏನಿದೆಯೆಂದು ತಾಳೆ ನೋಡಲು ಅನುಕೂಲವಾಯಿತು. ನಿಂತಲ್ಲೇ ಎಂಜಿನ್ ಓಡಿಸಿದಾಗ ಏನೂ ಕಾಣಿಸಲಿಲ್ಲ. ಕೆಲವು ಸೋರಿಕೆಗಳು ಎಂಜಿನ್ ಚೆನ್ನಾಗಿ ಕಾದು, ಏರಿನಲ್ಲಿ ಭಾರ ಬಿದ್ದಾಗ ಮಾತ್ರ ಹೊರಬರುತ್ತವೆ. ಮಳೆಯಲ್ಲಿ ಗಾಡಿ ಹೊರಗೆ ತೆಗೆದರೆ ಪೌಡರ್ ತೊಳೆದುಹೋಗುತ್ತದೆ, ಆದ್ದರಿಂದ ಹೊಳವಾಗುವ ದಿನಕ್ಕೆ ಕಾಯುವುದೊಂದೇ ಉಳಿದ ದಾರಿಯಾಗಿತ್ತು. ಹೀಗೆ ಕಾಯುವ ಸೌಕರ್ಯ ಯಾವ ಗ್ಯಾರೇಜಿಗೂ ಇರಲಾರದು. ಹೊಳವು ಸಿಕ್ಕ ಮಧ್ಯಾಹ್ನ ಗುಡ್ಡದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದು ಸೀಟು ಎತ್ತಿ ನೋಡಿದರೆ, ಬಿಳಿ ಪೌಡರಿನ ಮೇಲೆ ನೂಲಿನಷ್ಟು ಸಣ್ಣ ಕಂದು ಗೆರೆಯೊಂದು ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಹೊರಟು, ಒಂದು ಬೋಲ್ಟಿನ ತಲೆಯನ್ನು ಬಳಸಿ ಕೆಳಗಿಳಿದಿತ್ತು. ಗ್ಯಾರೇಜಿನಲ್ಲಿ ಹೊಸ ಪ್ಯಾಕಿಂಗ್ ಹಾಕಿದ್ದ ಚೇಂಬರಿನ ಅಂಚು ಬೆಳ್ಳಗೆ ಹಾಗೆಯೇ ಉಳಿದಿತ್ತು. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಮುಂದಿನದನ್ನೂ ಮೊದಲು ಶಂಕಿಸಬೇಕೆಂಬ ನಿಯಮ ಇಲ್ಲಿ ಕಣ್ಣೆದುರೇ ನಿಜವಾಯಿತು.

ಇದಾದ ಮೇಲೆ ದುರಸ್ತಿ ಒಂದು ಬೆಳಗಿನ ಕೆಲಸವಷ್ಟೇ ಆಗಿತ್ತು. ಕವರ್ ಎತ್ತಿದಾಗ ಒಳಗಿನ ರಬ್ಬರ್ ಪ್ಯಾಕಿಂಗ್ ವರ್ಷಗಳ ಕಾವಿಗೆ ಬಿರುಸಾಗಿ, ಹಳೆಯ ಹಪ್ಪಳದಂತೆ ಚೂರುಚೂರಾಗಿ ಮುರಿದು ಬಂತು. ಆ ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ಬಟ್ಟೆ ಹಾಸಿಕೊಂಡು, ಕವರಿನ ಕಾಲುವೆಯನ್ನು ಮರದ ಕಡ್ಡಿಯಿಂದ ಶುಚಿಮಾಡಬೇಕು, ಏಕೆಂದರೆ ಸ್ಕ್ರೂಡ್ರೈವರಿನ ಮೊನೆಯಿಂದ ಲೋಹದ ಮೇಲೆ ಗೀರು ಬಿದ್ದರೆ ಅದೇ ಮುಂದಿನ ಸೋರಿಕೆಯ ದಾರಿ. ಪ್ಯಾಕಿಂಗ್ ಜೊತೆಗೆ ಸಿಲಿಕೋನ್ ಗಮ್ಮನ್ನು ಧಾರಾಳವಾಗಿ ಮೆತ್ತುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ, ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಹೆಚ್ಚಾದ ಗಮ್ಮು ಹೊರಗೆ ಉಬ್ಬುವಂತೆಯೇ ಒಳಗೂ ಉಬ್ಬಿ, ಒಣಗಿ, ಕಳಚಿ ಬಿದ್ದು, ಆಯಿಲ್ ಪಂಪಿಗೆ ಹೋಗುವ ಜಾಲರಿಯನ್ನು ಕಟ್ಟಬಲ್ಲುದು. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಬೇಕು. ಸಾಮಾನ್ಯವಾಗಿ ಸಣ್ಣ ಕಾರುಗಳ ಟ್ಯಾಪೆಟ್ ಕವರಿಗೆ 10 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿ ಸಾಕಾಗುತ್ತದೆ, ಅಂದರೆ ಸಣ್ಣ ಸ್ಪ್ಯಾನರನ್ನು ಮಣಿಕಟ್ಟಿನ ಬಲದಿಂದ ತಿರುಗಿಸಿದಷ್ಟು. ಸೋರಿಕೆ ನಿಲ್ಲಲಿ ಎಂದು ತೋಳಿನ ಬಲವೆಲ್ಲ ಹಾಕಿದರೆ ಕವರ್ ಸೊಟ್ಟಗಾಗಿ ಮೊದಲಿಗಿಂತ ಹೆಚ್ಚು ಸೋರುತ್ತದೆ.

ಪ್ಯಾಕಿಂಗ್ ಬದಲಿಸಿ ಕೈತೊಳೆದುಕೊಳ್ಳದೆ ನಾನು ಬ್ರೀದರ್ ಪೈಪನ್ನೂ ಕಳಚಿ ನೋಡಿದೆ. ಸಿಲಿಂಡರಿನಿಂದ ಕೆಳಕ್ಕೆ ನುಸುಳುವ ಅನಿಲ ಈ ದಾರಿಯಿಂದ ಹೊರಹೋಗದಿದ್ದರೆ ಎಂಜಿನ್ನಿನೊಳಗೆ ಒತ್ತಡ ಏರಿ, ಆಯಿಲನ್ನು ದುರ್ಬಲವಾದ ಜೋಡಣೆಯಿಂದ ಹೊರಕ್ಕೆ ನೂಕುತ್ತದೆ, ಆಗ ಹೊಸ ಪ್ಯಾಕಿಂಗ್ ಕೂಡ ಬಹಳ ಕಾಲ ತಾಳುವುದಿಲ್ಲ. ನಮ್ಮ ಪೈಪಿನ ಒಳಮೈಗೆ ಮಜ್ಜಿಗೆಯ ಬಣ್ಣದ ಜಿಗುಟು ಅಂಟಿಕೊಂಡಿತ್ತು, ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿಯೂ ಅದೇ ಇತ್ತು. ಮಳೆಗಾಲದಲ್ಲಿ ಡೈರಿಗೆ ಹಾಲು ಹಾಕಿ ಬರುವಂಥ ಗಿಡ್ಡ ಓಡಾಟಗಳಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ, ಒಳಗಿನ ನೀರಾವಿ ಹೊರಹೋಗದೆ ಆಯಿಲಿನೊಡನೆ ಕಲೆತು ಹೀಗಾಗುತ್ತದೆ. ಮುಚ್ಚಳದಲ್ಲಿ ಈ ಬಣ್ಣ ಕಂಡೊಡನೆ ಆಯಿಲೂ ರೇಡಿಯೇಟರಿನ ನೀರೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟೇ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ಆಯಿಲ್ ತಿಳಿಯಾಗಿಯೇ ಇದ್ದು, ರೇಡಿಯೇಟರಿನ ನೀರು ಇಳಿಯದಿದ್ದರೆ ಇದು ಬರಿಯ ತೇವದ ಕಾಟ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ದೂರ ಓಡಿಸಿ ಚೆನ್ನಾಗಿ ಕಾಯಿಸಿದರೆ ಅದು ಕಡಿಮೆಯಾಗುತ್ತದೆ.

ಖರ್ಚಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ಯಾಕಿಂಗ್ 200 ರೂಪಾಯಿಯ ಒಳಗೆ ಬಂತು, ಉಳಿದದ್ದೆಲ್ಲ ಮನೆಯಲ್ಲಿದ್ದ ಸಾಮಾನು. ಗ್ಯಾರೇಜಿನಲ್ಲಿ ಕೂಲಿ, ಪ್ಯಾಕಿಂಗ್ ಮತ್ತು ಮೂರು ಲೀಟರಿನಷ್ಟು ಹೊಸ ಆಯಿಲ್ ಸೇರಿ ಅದರ ಹಲವು ಪಟ್ಟಾಗಿತ್ತು.

ಗ್ಯಾರೇಜೇ ಮೇಲಾಗುವ ಕೆಲಸಗಳೂ ಇವೆ. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ಇಳಿಯುತ್ತಿದ್ದರೆ ಎಂಜಿನ್ನಿನ ತಿರುಗುವ ದಂಡದ ಹಿಂತುದಿಯಲ್ಲಿ ಆಯಿಲ್ ತಡೆಯುವ ಕ್ರ್ಯಾಂಕ್ ಸೀಲ್ ಹೋಗಿರುವ ಸಂಭವ ಹೆಚ್ಚು, ಅದನ್ನು ಬದಲಿಸಲು ಗೇರ್ ಬಾಕ್ಸನ್ನೇ ಇಳಿಸಬೇಕು. ಇಳಿಯುವ ಆಯಿಲ್ ಗಂಧಕದಂತೆ ಕಟುವಾಗಿ ನಾರಿದರೆ ಗೇರ್ ಆಯಿಲ್ ಎಂದು ತಿಳಿಯಬಹುದು. ಎರಡರಲ್ಲಿ ಯಾವುದೇ ಆದರೂ ನಾನು ಗ್ಯಾರೇಜಿನ ದಾರಿ ಹಿಡಿಯುತ್ತೇನೆ, ಗೇರ್ ಬಾಕ್ಸ್ ಹೇಗೂ ಇಳಿದಿರುವಾಗ ಕ್ಲಚ್ ಪ್ಲೇಟನ್ನೂ ನೋಡಿಸಿಬಿಡುತ್ತೇನೆ, ಏಕೆಂದರೆ ಆಮೇಲೆ ಅದೊಂದಕ್ಕಾಗಿ ಮತ್ತೊಮ್ಮೆ ಅಷ್ಟೇ ಕೂಲಿ ತೆರಬೇಕಾಗುತ್ತದೆ. ಟೈಮಿಂಗ್ ಬೆಲ್ಟಿನ ಹಿಂದಿರುವ ಮುಂಭಾಗದ ಸೀಲುಗಳ ಮಾತೂ ಇದೇ.

ಗಾಡಿಯ ಅಡಿಗೆ ನುಗ್ಗಿ ಮಾಡಬೇಕಾದ ಕೆಲಸವನ್ನು ಮನೆಯಲ್ಲಿ ಮಾಡಬೇಡಿರೆಂದು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಜಾಕ್ ಏರಿಸಿ, ಪಕ್ಕಕ್ಕೆ ಜಂಬಿಟ್ಟಿಗೆ ಕಲ್ಲು ಪೇರಿಸಿ ಅಡಿಗೆ ಮಲಗುವವರನ್ನು ಕಂಡಿದ್ದೇನೆ. ಮಳೆಯಲ್ಲಿ ನೆನೆದ ಜಂಬಿಟ್ಟಿಗೆ ಭಾರಕ್ಕೆ ಯಾವ ಗಳಿಗೆಯಲ್ಲಾದರೂ ಬಿರಿಯಬಹುದು, ಮೆತ್ತನೆಯ ಅಂಗಳದಲ್ಲಿ ಜಾಕಿನ ಕಾಲು ತಾನಾಗಿಯೇ ಹೂತುಕೊಳ್ಳುತ್ತದೆ. ಗಟ್ಟಿ ಕಾಂಕ್ರೀಟ್ ನೆಲವೂ ಕಬ್ಬಿಣದ ಸ್ಟ್ಯಾಂಡೂ ಇಲ್ಲದವರು ಚೇಂಬರಿನ ತಂಟೆಗೆ ಹೋಗದಿರುವುದೇ ಸರಿ. ಗ್ಯಾರೇಜಿನ ಗುಂಡಿಯಲ್ಲಿ ನಿಂತು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಪ್ರಾಣವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲಿಯೂ ಉಳಿತಾಯವಲ್ಲ.

ಹಳೆಯ ಆಯಿಲಿನ ವಿಲೇವಾರಿಯಲ್ಲಿಯೂ ಗ್ಯಾರೇಜಿಗೇ ಅಂಕ. ಅವರಲ್ಲಿ ಅದನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಕೊಳ್ಳುವವರಿಗೆ ಕೊಡುವ ವ್ಯವಸ್ಥೆ ಇರುತ್ತದೆ, ಮನೆಯಲ್ಲಿ ಚೆಲ್ಲಿದ್ದು ಬಸಿಗಾಲುವೆ ಹಿಡಿದು ತೋಟಕ್ಕೂ ಬಾವಿಗೂ ಸೇರುತ್ತದೆ. ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿಯುವ ಪದ್ಧತಿ ಊರಲ್ಲಿದ್ದರೂ ಬಾವಿಯ ಹತ್ತಿರ ನಾನು ಅದನ್ನು ಮಾಡುವುದಿಲ್ಲ.

ನನ್ನ ತೀರ್ಪಿನಲ್ಲಿ ನನ್ನ ಬದುಕಿನ ರೀತಿಯ ಪಾಲೂ ಇದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನಗಳನ್ನು ಬಿಟ್ಟರೆ ನನಗೆ ಬಿಡುವಿರುತ್ತದೆ, ಮನೆಯಲ್ಲಿ ಮಾಡು ಹೊದಿಸಿದ ಶೆಡ್ಡಿದೆ, ಗಾಡಿ ನಾಲ್ಕು ದಿನ ನಿಂತರೆ ಯಾವ ಕೆಲಸವೂ ಕೆಡುವುದಿಲ್ಲ. ಶಿವಮೊಗ್ಗದಲ್ಲಿ ನೌಕರಿಯಲ್ಲಿದ್ದು, ಬಾಡಿಗೆ ಮನೆಯ ಮುಂದೆ ರಸ್ತೆಯಲ್ಲೇ ಕಾರು ನಿಲ್ಲಿಸುವವರಿಗೆ ಈ ಫ್ಯಾನು, ಪೌಡರು, ಹೊಳವಿನ ಕಾಯುವಿಕೆ ಎಲ್ಲ ಆಗದ ಮಾತು. ಅವರು ಸೀದಾ ಗ್ಯಾರೇಜಿಗೆ ಹೋಗಲಿ. ಆದರೆ ಒಯ್ಯುವ ಮೊದಲು ಎಂಜಿನ್ ತೊಳೆಸಿ, ಒಂದು ಸುತ್ತು ಓಡಿಸಿ, ಒದ್ದೆಯಾದ ಜಾಗದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, “ಇಲ್ಲಿಂದ ಬರ್ತಿದೆ ನೋಡಿ” ಎಂದು ತೋರಿಸಿದರೆ ಪತ್ತೆಯ ಅರ್ಧ ಕೆಲಸ ಮುಗಿದಿರುತ್ತದೆ. ಬಿಚ್ಚಿದ ಹಳೆಯ ಪ್ಯಾಕಿಂಗನ್ನು ಕೇಳಿ ಪಡೆಯುವುದೂ ಒಳ್ಳೆಯದು. ಅದು ಇನ್ನೂ ಮೆತ್ತಗೆ ಬಾಗುವಂತಿದ್ದರೆ ಸೋರಿಕೆ ಬೇರೆಲ್ಲೋ ಇರುವ ಸಾಧ್ಯತೆ ಹೆಚ್ಚು, ಹಣ ಕೊಡುವ ಮೊದಲು ಅದನ್ನು ಅವರೊಡನೆಯೇ ಮಾತಾಡಬೇಕು. ಅಂದ ಹಾಗೆ, ಎಲ್ಲಿ ಮಾಡಿಸಿದರೂ ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟಿನ ವಾಷರನ್ನು ಹೊಸದಾಗಿ ಹಾಕಿಸಿ, ಅದರ ಬೆಲೆ ಒಂದು ಕಾಫಿಯಷ್ಟೂ ಇಲ್ಲ.