ಸರ್ಕಾರದ ಚಿನ್ನದ ಬಾಂಡ್: ಎಂಟು ವರ್ಷ ಇಟ್ಟುಕೊಂಡ ಮೇಲೆ ಹೇಳುತ್ತಿದ್ದೇನೆ

2015ರ ನವೆಂಬರಿನಲ್ಲಿ ಸಾವರಿನ್ ಗೋಲ್ಡ್ ಬಾಂಡ್ (ಚಿನ್ನ ಕೈಗೆ ಕೊಡದೆ, ಅವಧಿ ಮುಗಿದಾಗ ಅಷ್ಟು ಗ್ರಾಂ ಚಿನ್ನದ ಆಗಿನ ಬೆಲೆ ಕೊಡುವ ಸರ್ಕಾರದ ಪತ್ರ) ಮೊದಲ ಸಲ ಬಂದಾಗಲೇ ಹತ್ತು ಗ್ರಾಂ ತಗೊಂಡೆ. ಗ್ರಾಂಗೆ 2,684 ರೂಪಾಯಿ, ಒಟ್ಟು 26,840. "ಕೈಗೆ ಹಾಕಿಕೊಳ್ಳೋಕೆ ಬರದ ಬಂಗಾರ ಯಾಕೋ?" ಅಂತ ಅಮ್ಮ ಕೇಳಿದರು. 2023ರ ನವೆಂಬರ್ 30ಕ್ಕೆ ಅವಧಿ ಮುಗಿಯಿತು. ಗ್ರಾಂಗೆ 6,132ರಂತೆ 61,320 ರೂಪಾಯಿ ಖಾತೆಗೆ ಬಂತು, ಆ ಲಾಭಕ್ಕೆ ತೆರಿಗೆಯೂ ಇರಲಿಲ್ಲ. ಇದರ ಜೊತೆಗೆ ವರ್ಷಕ್ಕೆ 2.75% ಬಡ್ಡಿ, ಅಂದರೆ ಆರು ತಿಂಗಳಿಗೊಮ್ಮೆ 369 ರೂಪಾಯಿ. ಬಡ್ಡಿಗೆ ಮಾತ್ರ ತೆರಿಗೆ ಉಂಟು.

ಒಡವೆ ಕೊಂಡಿದ್ದರೆ ಮೇಕಿಂಗ್ ಚಾರ್ಜು, ವೇಸ್ಟೇಜು, ಲಾಕರ್ ಬಾಡಿಗೆ ಎಲ್ಲ ಕಳೆಯಬೇಕಿತ್ತು. ಮಾರೋಕೆ ಹೋದಾಗ ಮತ್ತೆ ಕಳೆಯುತ್ತಾರೆ. ಇಲ್ಲಿ ಅದ್ಯಾವುದೂ ಇಲ್ಲ. ಆದರೆ ನನಗೆ ಇದು ಹಿಡಿಸಿದ್ದಕ್ಕೆ ಬೇರೆ ಕಾರಣ ಇದೆ.

ಚಿನ್ನ ಏರಿತು ಅಂತ ಎಲ್ಲರೂ ಹೇಳುತ್ತೇವೆ, ರೂಪಾಯಿ ಕರಗಿದ್ದನ್ನು ಯಾರೂ ಎತ್ತುವುದಿಲ್ಲ. ನಾನು ಬಾಂಡ್ ಕೊಂಡಾಗ ಡಾಲರಿಗೆ 66-67 ರೂಪಾಯಿ ಇತ್ತು, ದುಡ್ಡು ವಾಪಸ್ ಬಂದಾಗ 83. 1966ರ ಜೂನ್ 6ರಂದು ಸರ್ಕಾರವೇ ಡಾಲರಿನ ಬೆಲೆಯನ್ನು 4.76ರಿಂದ 7.50 ರೂಪಾಯಿಗೆ ಏರಿಸಿತ್ತು. 1991ರ ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ರೂಪಾಯಿ ಬೆಲೆಯನ್ನು ಮತ್ತೆ ಇಳಿಸಿದರು, ಅದೇ ತಿಂಗಳು ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡ ಇಡೋಕೆ ವಿದೇಶಕ್ಕೆ ಹೋಯಿತು. ಈಗ ಹಾಗೆ ದಿನಾಂಕ ಹಾಕಿ ಇಳಿಸುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಬೆಲೆಗಳು ಏರುತ್ತವೆ, ಆಗ ಸಾಲ ಕೊಟ್ಟವನಿಗೆ ಅಷ್ಟೇ ರೂಪಾಯಿ ವಾಪಸ್ ಬಂದರೂ ಅದರಲ್ಲಿ ಸಿಗುವ ಅಕ್ಕಿ ಬೇಳೆ ಕಮ್ಮಿ, ಸಾಲ ಮಾಡಿದವನಿಗೆ ಮಾತ್ರ ಭಾರ ಇಳಿದ ಹಾಗೆ. ದೇಶದಲ್ಲಿ ಎಲ್ಲರಿಗಿಂತ ಜಾಸ್ತಿ ಸಾಲ ಮಾಡುವವರು ಸರ್ಕಾರದವರೇ ಅಲ್ವಾ? ನಮ್ಮ ಎಫ್‌ಡಿ ದುಡ್ಡಲ್ಲೂ ಒಂದು ಪಾಲು ಬ್ಯಾಂಕಿನ ಮೂಲಕ ಸರ್ಕಾರದ ಸಾಲಕ್ಕೇ ಹೋಗುತ್ತದೆ.

ಈ ಬಾಂಡೂ ಸರ್ಕಾರ ನಮ್ಮಿಂದ ಪಡೆದ ಸಾಲವೇ. ಆದರೆ ಲೆಕ್ಕ ಬರೆದಿರುವುದು ಗ್ರಾಂನಲ್ಲಿ. ರೂಪಾಯಿ ಎಷ್ಟು ಕರಗಿದರೂ ಹತ್ತು ಗ್ರಾಂ ಹತ್ತು ಗ್ರಾಮೇ. ಸಣ್ಣ ಉಳಿತಾಯದವರಿಗೆ ಸರ್ಕಾರ ಇಷ್ಟು ನ್ಯಾಯವಾಗಿ ಬರೆದುಕೊಟ್ಟ ಪತ್ರ ನಾನು ಬೇರೆ ನೋಡಿಲ್ಲ.

ತೊಂದರೆಗಳೂ ಇವೆ. ಬಡ್ಡಿ ಕೊನೆವರೆಗೂ ಮೊದಲು ಕೊಂಡ ಬೆಲೆಯ ಮೇಲೇ, ಚಿನ್ನ ಎರಡು ಪಟ್ಟಾದರೂ ಅದೇ 369. ಐದು ವರ್ಷ ಆಗುವ ತನಕ ರಿಸರ್ವ್ ಬ್ಯಾಂಕಿಗೆ ವಾಪಸ್ ಕೊಡೋಕೆ ಆಗಲ್ಲ, ಷೇರುಪೇಟೆಯಲ್ಲಿ ಮಾರಬಹುದು, ಆದರೆ ಸರ್ಕಾರ ಆಗಾಗ ಬಿಟ್ಟ ಬಾಂಡ್ ಕಂತುಗಳಲ್ಲಿ ಎಷ್ಟೋ ಕಂತುಗಳಿಗೆ ಕೊಳ್ಳುವವರೇ ಕಮ್ಮಿ. ನಾನು ಅರ್ಜಿ ಹಾಕಿದ ಬ್ಯಾಂಕಿನ ಕೌಂಟರಿನಲ್ಲಿ ಫಾರಂ ಯಾವುದು ಅಂತಲೇ ಗೊತ್ತಿರಲಿಲ್ಲ, ಎರಡು ಸಲ ಸುಮ್ನೆ ಅಲೆಸಿದರು, ಪತ್ರ ಬಂದಾಗ ನನ್ನ ಇನಿಷಿಯಲ್ ತಪ್ಪಾಗಿತ್ತು. ಈಗ ಬಾಂಡ್ ಇಟ್ಟುಕೊಂಡಿರುವವರು ಖಾತೆ ನಂಬರ್, ಫೋನ್ ನಂಬರ್ ಸರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಾನು ಹಳೇ ಖಾತೆ ಮುಚ್ಚಿದ್ದೆ, ಅವಧಿ ಮುಗಿಯುವ ಮುಂಚೆ ನೆನಪಾಗಿ ಬದಲಾಯಿಸಿದ್ದಕ್ಕೆ ಬಚಾವಾದೆ.

ಬೇಸರದ ವಿಷಯ, ಹೊಸದಾಗಿ ಈಗ ಸಿಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಗ್ರಾಂಗೆ 6,263ರಂತೆ ಬಿಟ್ಟ ಕಂತೇ ಕೊನೆ. ಬಾಂಡಿನ ಹಿಂದೆ ಸರ್ಕಾರ ಅಷ್ಟು ಚಿನ್ನ ಕೊಂಡು ಇಟ್ಟಿರಲಿಲ್ಲ, ಹಾಗಾಗಿ ಬೆಲೆ ಏರಿದಷ್ಟೂ ಕೊಡಬೇಕಾದ ದುಡ್ಡು ಏರುತ್ತಾ ಹೋಯಿತು. ಸಾಲ ದುಬಾರಿಯಾಯಿತು ಅಂತ ನಿಲ್ಲಿಸಿದರು. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ರೂಪಾಯಿ ಲೆಕ್ಕದ ಸಾಲ ಮಾತ್ರ ಅಗ್ಗ ಅನ್ನಿಸಿದರೆ, ಆ ಅಗ್ಗದ ಬೆಲೆ ಯಾರ ಜೇಬಿನಿಂದ ಹೋಗುತ್ತಿದೆ ಅಂತಲೂ ಕೇಳಬೇಕಲ್ಲ?

ಷೇರುಪೇಟೆಯಲ್ಲಿ ಹಳೇ ಕಂತು ಕೊಳ್ಳುವುದಾದರೆ ಆ ದಿನದ ಚಿನ್ನದ ದರದ ಜೊತೆ ಹೋಲಿಸಿ ನೋಡಿ, ಸದ್ಯದ ತೆರಿಗೆ ನಿಯಮವನ್ನು ಆಡಿಟರ್ ಹತ್ತಿರ ಕೇಳಿಯೇ ಮುಂದುವರಿಯಿರಿ. ನಮ್ಮ ಮನೆಯಲ್ಲಿ 2020ರ ಒಂದು ಕಂತು ಐದು ಗ್ರಾಂ ಇದೆ, ಅಮ್ಮನ ಹೆಸರಲ್ಲಿ, ಅವರೇ ಕೇಳಿ ಕೊಂಡಿದ್ದು. 2028ರ ತನಕ ಅದನ್ನು ಮುಟ್ಟುವುದಿಲ್ಲ.