ಸ್ವಯಂಸೇವಕರ ನಿರ್ವಹಣೆ ಕಲಿಯಲು ನಾನು ಹಿಡಿದ ಮೂರು ದಾರಿ: ಕೋರ್ಸು, ಸಭೆ, ಶಿಬಿರ

ಹಾಸನದ ಎರಡು ಬಡಾವಣೆಗಳಲ್ಲಿ ನಡೆಯುವ ಉಚಿತ ಸಂಜೆ ಪಾಠಗಳಿಗೆ ಸ್ವಯಂಸೇವಕರನ್ನು ಹೊಂದಿಸುವ ಕೆಲಸ ಆರು ವರ್ಷಗಳಿಂದ ನನ್ನದು. ಇದಕ್ಕೂ ಒಂದು ಕಲಿಕೆ ಬೇಕೆಂದು ಮೊದಮೊದಲು ನನಗೆ ಹೊಳೆದಿರಲಿಲ್ಲ. ಒಂದು ಜನವರಿಯಲ್ಲಿ 22 ಹೆಸರುಗಳಿದ್ದ ಪಟ್ಟಿ ಏಳಕ್ಕೆ ಇಳಿದು, ಹತ್ತನೆಯ ತರಗತಿಯ ಮಕ್ಕಳು ಗಣಿತ ಹೇಳಿಕೊಡುವವರಿಲ್ಲದೆ ಕುಳಿತಾಗ ಬುದ್ಧಿ ಬಂತು. ಅನಂತರದ ವರ್ಷಗಳಲ್ಲಿ ಎಂಟು ವಾರಗಳ ಆನ್‌ಲೈನ್ ಕೋರ್ಸು, ಊರಿನ ಸಂಯೋಜಕರ ತಿಂಗಳ ಸಭೆ, ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ವಿಶೇಷ ಶಿಬಿರ ಈ ಮೂರನ್ನೂ ಪ್ರಯೋಗಿಸಿ ನೋಡಿದೆ.

ಕೋರ್ಸಿನಿಂದ ಬಂದದ್ದು ಶಿಸ್ತು. ‘ಪಾಠಕ್ಕೆ ಬನ್ನಿ’ ಎಂದು ಕರೆಯುವ ಬದಲು ಯಾವ ದಿನ, ಎಷ್ಟು ಹೊತ್ತು, ಯಾವ ತರಗತಿಗೆ, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದುಕೊಡುವುದನ್ನು ನಾನು ಅಲ್ಲಿ ಕಲಿತೆ. ಆ ಹಾಳೆ ನೋಡಿಯೇ ‘ಇದು ನನ್ನಿಂದಾಗದು’ ಎಂದು ಹಿಂದೆ ಸರಿದವರು ನಡುವೆ ಕೈಬಿಡುವವರಿಗಿಂತ ಮೇಲು. ಆದರೆ ಸಂಸ್ಥೆಗೊಂದು ಕಚೇರಿ, ಸಂಬಳದ ಸಿಬ್ಬಂದಿ, ವಿಮೆ ಎಲ್ಲವೂ ಇದೆಯೆಂದು ಭಾವಿಸಿಯೇ ಪಾಠಗಳನ್ನು ಹೊಸೆದಿದ್ದರು. ನಮ್ಮ ಕಚೇರಿಯೆಂದರೆ ನನ್ನ ಸ್ಕೂಟರಿನ ಡಿಕ್ಕಿ.

ಸಭೆಗೆ ಖರ್ಚಿಲ್ಲ, ಕಾಫಿಯೂ ಸಿಗುತ್ತದೆ. ರಕ್ತದಾನ ಶಿಬಿರ ನಡೆಸುವವರು, ಒಂಟಿ ಹಿರಿಯರ ಮನೆಗೆ ಭೇಟಿ ಕೊಡುವವರು, ಗಿಡ ನೆಡಿಸುವವರು ಹೀಗೆ ಐದಾರು ಮಂದಿ ಸೇರುತ್ತೇವೆ. ನನ್ನ ಜನವರಿಯ ಒಗಟು ಬಿಡಿಸಿದ್ದು ಇದೇ ಸಭೆ. ನವೆಂಬರ್ ಕಡೆಯಿಂದ ಫೆಬ್ರವರಿವರೆಗೆ ಮೊದಲು ಅರೇಬಿಕಾ, ಬಳಿಕ ರೋಬಸ್ಟಾ ಕಾಫಿಯ ಕೊಯ್ಲು. ಸಕಲೇಶಪುರ, ಬೇಲೂರು ಕಡೆಯ ತೋಟದ ಮನೆಗಳ ಹುಡುಗರು ಆ ದಿನಗಳಲ್ಲಿ ರಜೆ ಸಿಕ್ಕರೆ ಊರಿಗೇ ಓಡುತ್ತಾರೆ. ಅವರಿಗೆ ಉತ್ಸಾಹ ಕುಂದಿದೆಯೆಂದು ನಾನು ಸುಮ್ಮನೆ ನೊಂದುಕೊಂಡಿದ್ದೆ. ಯಾವ ಕೋರ್ಸೂ ಈ ಮಾತನ್ನು ಹೇಳಿಕೊಡಲಾರದು. ಅರ್ಧ ಹೊತ್ತು ದೂರುಗಳಲ್ಲೇ ಕಳೆಯುತ್ತದೆ ಎನ್ನುವುದು ಬೇರೆ ಮಾತು.

ಒಂದು ವಿಷಯದಲ್ಲಿ ಮಾತ್ರ ಸಭೆ ನನ್ನ ದಾರಿ ತಪ್ಪಿಸಿತು. ಮಕ್ಕಳೊಡನೆ ಕೆಲಸ ಮಾಡುವ ಪ್ರತಿಯೊಬ್ಬರ ಪೂರ್ವಾಪರ ವಿಚಾರಿಸಬೇಕೆಂದು ಕೋರ್ಸು ಒತ್ತಿ ಹೇಳಿತ್ತು. ಇದನ್ನು ಪ್ರಸ್ತಾಪಿಸಿದಾಗ ‘ನಿವೃತ್ತ ಮೇಷ್ಟ್ರ ಹತ್ತಿರ ಹೋಗಿ ನಿಮ್ಮ ನಡತೆಗೆ ಯಾರು ಸಾಕ್ಷಿ ಅಂತ ಕೇಳ್ತೀರೇನಮ್ಮ?’ ಎಂದು ನಕ್ಕರು. ನಾನೂ ಸಂಕೋಚಪಟ್ಟು ಒಂದು ವರ್ಷ ಸುಮ್ಮನಾದೆ. ಅದು ತಪ್ಪು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಂಥದ್ದು ನಡೆಯದಂತೆ ಮೊದಲೇ ನೋಡಿಕೊಳ್ಳುವ ಹೊಣೆ ಸಂಯೋಜಕಿಯದು. ಕೊನೆಗೆ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಇಬ್ಬರು ಪರಿಚಿತರ ಹೆಸರು ಕೊಡಬೇಕು ಎಂಬ ನಿಯಮಗಳನ್ನು ಕೋರ್ಸಿನಿಂದ ತೆಗೆದುಕೊಂಡೆ. ಅದನ್ನು ಯಾರ ಮನಸ್ಸೂ ನೋಯದಂತೆ ಹೇಳುವ ಉಪಾಯ ಹುಡುಕಿಕೊಟ್ಟದ್ದು ಸಭೆಯೇ: ಕಡತದಲ್ಲಿ ಮೊದಲ ಅರ್ಜಿ ನನ್ನದೇ ಇದೆ, ಬಂದವರಿಗೆ ಅದನ್ನು ತೋರಿಸಿದ ಮೇಲೆಯೇ ಖಾಲಿ ಅರ್ಜಿ ಕೊಡುತ್ತೇನೆ. ಮೇಷ್ಟ್ರುಗಳು ಯಾರೂ ಬೇಸರಿಸಲಿಲ್ಲ.

ಶಿಬಿರದಲ್ಲಿ ನಾನು ಬರಿಯ ನೋಡುಗಳಾಗಿದ್ದೆ. ಆಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳು ದಿನ, 50 ವಿದ್ಯಾರ್ಥಿಗಳು, ಒಬ್ಬರೇ ಕಾರ್ಯಕ್ರಮಾಧಿಕಾರಿ. ಶ್ರಮದಾನದ ಹೊತ್ತಿಗೆ ದಿನವೂ ಮರೆಯಾಗುತ್ತಿದ್ದ ಒಬ್ಬ ಹುಡುಗನನ್ನು ಅವರು ಗದರಲಿಲ್ಲ. ಮೂರನೆಯ ದಿನ ಉಗ್ರಾಣದ ಬೀಗದ ಕೈ ಅವನ ಕೈಗಿಟ್ಟು ಅಕ್ಕಿ, ಬೇಳೆಯ ಲೆಕ್ಕ ಬರೆಯಲು ಹೇಳಿದರು. ಅವನು ಐದು ಗಂಟೆಗೇ ಏಳತೊಡಗಿದ. ಜನರನ್ನು ಕೆಲಸಕ್ಕೆ ಹೊಂದಿಸುವುದೆಂದರೇನು ಎಂದು ಕೋರ್ಸಿನ ಒಂದು ಇಡೀ ಅಧ್ಯಾಯ ಓದಿಯೂ ನನಗೆ ಇಷ್ಟು ತಿಳಿದಿರಲಿಲ್ಲ.

ಆದರೂ ಶಿಬಿರದ ಎಲ್ಲವನ್ನೂ ಹೊತ್ತು ತರಲಾಗದು. ಎನ್‌ಎಸ್‌ಎಸ್ ವಿದ್ಯಾರ್ಥಿಗೆ ವರ್ಷಕ್ಕೆ 120 ಗಂಟೆಗಳ ಲೆಕ್ಕವಿದೆ, ಕೊನೆಗೊಂದು ಪ್ರಮಾಣಪತ್ರವಿದೆ; ನಮ್ಮಲ್ಲಿಗೆ ಬರುವ ನಿವೃತ್ತರಿಗೂ ಗೃಹಿಣಿಯರಿಗೂ ಅಂಥ ಕಟ್ಟುಪಾಡಿಲ್ಲ. ಅಲ್ಲಿಂದ ಬಂದ ಉತ್ಸಾಹದಲ್ಲಿ ನಾನೂ ಎಲ್ಲರೆದುರು ಹೆಸರು ಕೂಗಿ ಹಾಜರಿ ಹಾಕಿದೆ. ಹಿರಿಯರಿಬ್ಬರು ಮರುವಾರ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿ ಕರೆತರಬೇಕಾಯಿತು.

ಹೊಸದಾಗಿ ಈ ಕೆಲಸಕ್ಕೆ ಬರುವವರು ಕೇಳಿದರೆ, ಮೊದಲು ಶಿಬಿರ, ಜೊತೆಗೆ ಸಭೆ, ಕೋರ್ಸು ಎರಡನೆಯ ವರ್ಷಕ್ಕೆ ಎನ್ನುತ್ತೇನೆ. ತಮ್ಮವೇ ಪ್ರಶ್ನೆಗಳು ಹುಟ್ಟುವ ಮೊದಲು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಕೆಲಸ ಮಕ್ಕಳ ನಡುವೆಯಾದರೆ ಮಾತ್ರ ಕೋರ್ಸಿನ ಆ ಒಂದು ಪಾಠವನ್ನು ಮೊದಲ ದಿನವೇ ಕಲಿಯಬೇಕು. ನಾನಂತೂ ಮುಂದಿನ ಹಂತದ ಕೋರ್ಸಿಗೆ ಹಣ ಕಟ್ಟಿಲ್ಲ, ಸಭೆಯನ್ನು ಬಿಟ್ಟಿಲ್ಲ. ಜನವರಿಯ ಪಟ್ಟಿಯನ್ನು ಈಗ ಅಕ್ಟೋಬರಿನಲ್ಲೇ ಬರೆಯುತ್ತೇನೆ, ಕೊಯ್ಲಿಗೆ ಹೋಗುವವರ ಹೆಸರುಗಳನ್ನು ಕೆಂಪು ಶಾಯಿಯಲ್ಲಿ.