ಕೂದಲು ಕಸಿ: 14 ತಿಂಗಳ ಬಳಿಕ ನನ್ನ ವೈದ್ಯೆಯ ಬಗ್ಗೆ

ಮೂರು ಕಡೆ ವಿಚಾರಿಸಿದ ಮೇಲೆ ನಾನು ನಿರ್ಧರಿಸಿದೆ. ಮೊದಲನೆಯ ಕಡೆ ಮಾತನಾಡಿದ್ದು ಮಾರಾಟ ಸಲಹೆಗಾರರು ಮಾತ್ರ. ತಲೆಯನ್ನು ಮುಟ್ಟಿಯೂ ನೋಡದೆ 4,000 ಗ್ರಾಫ್ಟ್ (ಕಿತ್ತು ನೆಡುವ ಕೂದಲಿನ ಬುಡ) ಎಂದುಬಿಟ್ಟರು. ಎದ್ದು ಬಂದೆ. ನಾನು ಆರಿಸಿಕೊಂಡ ವೈದ್ಯೆ ಮಸೂರ ಹಿಡಿದು ನನ್ನ ಹಿಂದಲೆಯನ್ನು ಇಪ್ಪತ್ತು ನಿಮಿಷ ಪರೀಕ್ಷಿಸಿದರು. “ಇಲ್ಲಿಂದ ಕಿತ್ತ ಬುಡ ಮತ್ತೆ ಹುಟ್ಟುವುದಿಲ್ಲ, ಮುಂದಕ್ಕೂ ಸ್ವಲ್ಪ ಉಳಿಸೋಣ” ಎಂದು 2,200ಕ್ಕೆ ನಿಲ್ಲಿಸಿದರು. ಮುಂದಲೆಯ ಗೆರೆಯನ್ನು ನಾನು ಕೇಳಿದ್ದಕ್ಕಿಂತ ಮೇಲೆಯೇ ಎಳೆದರು. ಆಗ ಬೇಸರವಾಗಿತ್ತು, ಈಗ ಕನ್ನಡಿಯಲ್ಲಿ ಅದೇ ಸಹಜವಾಗಿ ಕಾಣುತ್ತದೆ. ಕೂದಲು ನೆಡುವ ರಂಧ್ರಗಳನ್ನು ಯಾರು ಕೊರೆಯುತ್ತಾರೆ ಎಂದು ಕೇಳಿದೆ. ತಾವೇ ಎಂದರು, ಹಾಗೆಯೇ ಮಾಡಿದರು. ಈ ಪ್ರಶ್ನೆಯನ್ನು ದಯವಿಟ್ಟು ಎಲ್ಲರೂ ಕೇಳಿ.

ಮೊದಲ ವಾರ ತಲೆ ಎತ್ತರಿಸಿ ಮಲಗುವುದು, ಸಲೈನ್ ಸಿಂಪಡಿಸುವುದು ಸುಲಭ. ಕಷ್ಟವಾದದ್ದು ಮೂರನೆಯ ವಾರ: ನೆಟ್ಟ ಕೂದಲು ದಿಂಬಿನ ಮೇಲೆ ಉದುರತೊಡಗಿತು. ಹೀಗಾಗುತ್ತದೆ, ಬುಡ ಒಳಗೇ ಇರುತ್ತದೆ ಎಂದು ಮೊದಲೇ ಹೇಳಿದ್ದರೂ ಅತ್ತುಬಿಟ್ಟೆ. ನಾಲ್ಕನೆಯ ತಿಂಗಳಲ್ಲಿ ತೆಳು ಎಳೆಗಳು ಮೂಡಿದವು. ವರ್ಷ ತುಂಬುವಾಗ ದಟ್ಟವಾದವು.

ಕಸಿಯು ಉಳಿದ ಹಳೆಯ ಕೂದಲನ್ನು ಕಾಯುವುದಿಲ್ಲ. ಅದಕ್ಕೆಂದೇ ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ, ಜೊತೆಗೆ ಹಚ್ಚುವ ಮಿನಾಕ್ಸಿಡಿಲ್. ಇವನ್ನು ನಿಲ್ಲಿಸಿದರೆ ಇವುಗಳಿಂದ ಗಳಿಸಿದ್ದು ಹೋಗುತ್ತದೆ. ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗಬಹುದು, ಖಿನ್ನತೆ ಬರಬಹುದು ಎಂಬುದನ್ನು ವೈದ್ಯೆ ಮುಚ್ಚಿಡಲಿಲ್ಲ. ಕೊರತೆ ಒಂದೇ: ಆರನೆಯ ತಿಂಗಳ ತಪಾಸಣೆಗೆ ಸಮಯ ಸಿಕ್ಕಿದ್ದು ಎಂಟನೆಯ ತಿಂಗಳಲ್ಲಿ.